ಕ್ಲೌಡ್ ಡೆಸ್ಕ್‌ಟಾಪ್‌ಗೆ ಸ್ವಂತ ಇಮೇಜ್: ಎಲ್ಲಿ ಕೆಟ್ಟಿತು ಎಂದು ಹುಡುಕುವ ಬಗೆ

ಮೈಕ್ರೋಸಾಫ್ಟ್‌ನ ಕ್ಲೌಡ್ ಡೆಸ್ಕ್‌ಟಾಪ್ ಸೇವೆಯಾದ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ಗಾಗಿ ನಮ್ಮದೇ ವಿಂಡೋಸ್ ಇಮೇಜ್ (ತಂತ್ರಾಂಶಗಳ ಸಮೇತ ಸಿದ್ಧಪಡಿಸಿದ ಅಚ್ಚಿನಂಥ ಡಿಸ್ಕ್) ಕಟ್ಟಿ ಸಾಗಿಸುವಾಗ ಕೈಕೊಡುವ ದೋಷಗಳು ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಸೋಮವಾರ ಇಮೇಜ್ ಕಟ್ಟುವಾಗ ಮಾಡಿದ ಎಡವಟ್ಟು ಬುಧವಾರ ಕ್ಲೌಡ್‌ನಲ್ಲಿ ಯಂತ್ರ ಏಳದೇ ಹೋದಾಗ ಬಾಯಿ ಬಿಡುತ್ತದೆ. ಅಷ್ಟರಲ್ಲಿ ನೂರಾರು ಜಿಬಿ ಅಪ್‌ಲೋಡ್ ಮುಗಿದಿರುತ್ತದೆ. ಯಾರಾದರೂ ಫೋನ್ ಮಾಡಿ "ಇಮೇಜ್ ಏಳುತ್ತಿಲ್ಲ" ಎಂದರೆ, ದೋಷದ ಸಂದೇಶವನ್ನು ಓದಿಸುವ ಮುಂಚೆ ಕೆಲಸ ಎಲ್ಲಿಯ ತನಕ ಸಾಗಿತ್ತು ಎಂದು ನಾನು ಕೇಳುವುದು ಅದಕ್ಕೇ. ಸಿಸ್‌ಪ್ರೆಪ್ (ಯಂತ್ರದ ಗುರುತು ತೊಳೆಯುವ ಹಂತ) ಮುಗಿಯಿತೇ? ಡಿಸ್ಕ್ ಪರಿವರ್ತನೆಯಾಯಿತೇ? ಅಪ್‌ಲೋಡ್ ಆಗಿ ಇಮೇಜ್ ತಯಾರಾಯಿತೇ? ಯಂತ್ರ ಬೂಟ್ ಆಯಿತೇ? ಹೋಸ್ಟ್ ಪೂಲ್‌ಗೆ, ಅಂದರೆ ಬಳಕೆದಾರರಿಗೆ ಡೆಸ್ಕ್‌ಟಾಪ್ ಕೊಡುವ ಯಂತ್ರಗಳ ಗುಂಪಿಗೆ, ಸೇರಿತೇ? ಎಲ್ಲಿ ನಿಂತಿತು ಎಂಬುದು ಗೊತ್ತಾದರೆ ಅದರ ಹಿಂದಿನ ಒಂದೆರಡು ಮೆಟ್ಟಿಲುಗಳನ್ನಷ್ಟೇ ಕೆದಕಿದರೆ ಸಾಕು.

ಇಲ್ಲಿರುವ ಉದಾಹರಣೆಗಳು ಹೆಚ್ಚಾಗಿ ಒಂದು ಕನ್ನಡ ಡಿಟಿಪಿ ಕಚೇರಿಯನ್ನು ಕ್ಲೌಡ್ ಡೆಸ್ಕ್‌ಟಾಪ್‌ಗೆ ಸಾಗಿಸಿದ ಕೆಲಸದಿಂದ ಬಂದವು. ಅವರಿಗೆ ವಿಂಡೋಸ್ 11, ಕನ್ನಡ ಇಂಟರ್‌ಫೇಸ್, ಕನ್ನಡ ಕೀಬೋರ್ಡ್, ನುಡಿ ಫಾಂಟ್‌ಗಳು ಮತ್ತು ಪುಟವಿನ್ಯಾಸದ ತಂತ್ರಾಂಶ, ಎಲ್ಲವೂ ಒಂದೇ ಇಮೇಜ್‌ನಲ್ಲಿ ಬೇಕಿತ್ತು. ನಾವು ಇಮೇಜ್ ಕಟ್ಟಿದ್ದು ಕಚೇರಿಯ ಹೈಪರ್-ವಿ (ವರ್ಚುವಲ್ ಯಂತ್ರಗಳನ್ನು ಓಡಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ಸರ್ವರ್ ಮೇಲೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಯಂತ್ರದಲ್ಲಿ ಹಲವರು ಏಕಕಾಲಕ್ಕೆ ಕೆಲಸ ಮಾಡುವ ಮಲ್ಟಿ-ಸೆಷನ್ ವಿಂಡೋಸ್ ನಿಮಗೆ ಬೇಕಿದ್ದರೆ, ಕಚೇರಿಯಲ್ಲಿ ಕಟ್ಟಿ ಸಾಗಿಸುವ ದಾರಿಯನ್ನೇ ಬಿಡಿ. ಆ ಆವೃತ್ತಿ ಕ್ಲೌಡ್‌ಗೆಂದೇ ಇರುವುದು, ವಾಲ್ಯೂಮ್ ಲೈಸೆನ್ಸ್ ತಾಣದಲ್ಲಿ ಡೌನ್‌ಲೋಡ್‌ಗೆ ಸಿಗುವುದಿಲ್ಲ. ಅಜೂರ್ ಮಾರ್ಕೆಟ್‌ಪ್ಲೇಸ್‌ನ ಇಮೇಜ್‌ನಿಂದ ಒಂದು ಯಂತ್ರ ಎಬ್ಬಿಸಿ, ಅದನ್ನೇ ತಿದ್ದಿಕೊಳ್ಳುವುದು ಸರಿಯಾದ ದಾರಿ. ಕೆಳಗಿನದು ಒಬ್ಬರಿಗೊಂದು ಯಂತ್ರ ಎಂಬ ಲೆಕ್ಕದ ಎಂಟರ್‌ಪ್ರೈಸ್ ಆವೃತ್ತಿಯ ಮಾತು. ಸಿಸ್‌ಪ್ರೆಪ್‌ಗೆ ಸಂಬಂಧಿಸಿದ ಭಾಗ ಇಬ್ಬರಿಗೂ ಅನ್ವಯಿಸುತ್ತದೆ.

ಸಿಸ್‌ಪ್ರೆಪ್ ನಿಂತರೆ

ಸಿಸ್‌ಪ್ರೆಪ್ ಒಂದು ಯಂತ್ರದ ಸ್ವಂತ ಗುರುತುಗಳನ್ನು ತೊಳೆದು, ಅದೇ ಡಿಸ್ಕ್‌ನಿಂದ ಬೇರೆ ಬೇರೆ ಯಂತ್ರಗಳು ಹುಟ್ಟುವಂತೆ ಮಾಡುವ ಸಲಕರಣೆ. ಅದು ಸೋತಾಗ ಪರದೆಯ ಮೇಲೆ ಬರುವ ಸಂದೇಶ ಬಹಳ ಮಟ್ಟಿಗೆ ಒಂದೇ: ವಿಂಡೋಸ್ ಸ್ಥಾಪನೆಯನ್ನು ಪರಿಶೀಲಿಸಲಾಗಲಿಲ್ಲ, ಲಾಗ್ ನೋಡಿ. ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಲಾಗ್‌ನಲ್ಲಿ ಎಲ್ಲವೂ ಇದೆ. ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗೆ ಸಿಸ್‌ಪ್ರೆಪ್, ಅದರೊಳಗೆ ಪ್ಯಾಂಥರ್ ಎಂಬ ಫೋಲ್ಡರ್ ಇದೆ. ಅಲ್ಲಿರುವ ಸೆಟಪ್‌ಆಕ್ಟ್ ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಯಿಂದ ಮೇಲಕ್ಕೆ ಓದಿ. ಮೇಲಿನಿಂದ ಓದಲು ಕುಳಿತರೆ ಸಾವಿರಾರು ಸಾಲುಗಳ ನಡುವೆ ಕಳೆದುಹೋಗುತ್ತೀರಿ. ಕೊನೆಯಿಂದ ಮೊದಲು ಸಿಗುವ 'ಎರರ್' ಸಾಲುಗಳು ಬರೀ ಪ್ರತಿಧ್ವನಿ. ಅವುಗಳನ್ನು ದಾಟಿ ಮೇಲಕ್ಕೆ ಹೋದರೆ, ಒಂದು ನಿರ್ದಿಷ್ಟ ವಸ್ತುವಿನ ಹೆಸರು ಹೇಳುವ ಸಾಲು ಸಿಗುತ್ತದೆ. ಅದೇ ಬೇರು.

ನಮ್ಮ ಕೆಲಸದಲ್ಲಿ ಆ ಸಾಲು ಹೇಳಿದ್ದು ಇಷ್ಟು: ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಎಕ್ಸ್‌ಪೀರಿಯನ್ಸ್ ಪ್ಯಾಕ್, ಕೆಎನ್-ಐಎನ್, ಒಬ್ಬ ಬಳಕೆದಾರನಿಗೆ ಸ್ಥಾಪನೆಯಾಗಿದೆ, ಆದರೆ ಎಲ್ಲ ಬಳಕೆದಾರರಿಗೂ ಒದಗಿಸಿಲ್ಲ. ಕೆಎನ್-ಐಎನ್ ಎಂದರೆ ನಮ್ಮ ಕನ್ನಡವೇ. ಇಡೀ ಕೆಲಸ ಯಾವುದಕ್ಕಾಗಿ ನಡೆದಿತ್ತೋ ಅದೇ ಅಡ್ಡ ನಿಂತಿತ್ತು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡ ಬೇಕೆನ್ನುವ ಪ್ರತಿಯೊಂದು ಕಚೇರಿಗೂ ಇದು ಎದುರಾಗುತ್ತದೆ. ಜರ್ಮನ್, ಫ್ರೆಂಚ್, ಜಪಾನೀಸ್‌ನಂಥ ಭಾಷೆಗಳ ಪ್ಯಾಕ್ ವಿಂಡೋಸ್ 11ರಲ್ಲಿ ಕ್ಯಾಬ್ ಫೈಲಾಗಿ ಬರುತ್ತದೆ, ವ್ಯವಸ್ಥೆಯ ಭಾಗವಾಗಿ ಕೂರುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಅದು ಇಂಗ್ಲಿಷ್‌ನ ಮೇಲೆ ಹೊದಿಸುವ ಇಂಟರ್‌ಫೇಸ್ ಪ್ಯಾಕ್, ಬರುವುದು ಆಪ್‌ಎಕ್ಸ್ ರೂಪದಲ್ಲಿ, ಅಂದರೆ ಸ್ಟೋರ್‌ನ ಆ್ಯಪ್‌ಗಳು ಬರುವ ರೂಪದಲ್ಲಿಯೇ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿದರೆ ಅದು ನಿಮ್ಮ ಖಾತೆಗೆ ಮಾತ್ರ ಇಳಿಯುತ್ತದೆ. ಎಲ್ಲರಿಗೂ ಒದಗಿಸಿದ್ದರೂ, ಸ್ಟೋರ್ ಹಿಂದಿನಿಂದ ಹೊಸ ಆವೃತ್ತಿಯನ್ನು ನಿಮ್ಮ ಖಾತೆಗಷ್ಟೇ ಇಳಿಸಿದರೆ ಎರಡಕ್ಕೂ ತಾಳೆ ತಪ್ಪುತ್ತದೆ. ಸಿಸ್‌ಪ್ರೆಪ್ ಅಲ್ಲೇ ನಿಲ್ಲುತ್ತದೆ. ಕ್ಯಾಲ್ಕ್ಯುಲೇಟರ್, ಫೋಟೋಸ್‌ನಂಥ ಆ್ಯಪ್‌ಗಳೂ ಇದೇ ಕಾರಣಕ್ಕೆ ಹೀಗೆಯೇ ಅಡ್ಡ ಬರುತ್ತವೆ.

ಪರಿಹಾರ ಹೀಗೆ. ಪವರ್‌ಶೆಲ್‌ನ 'ಗೆಟ್-ಆಪ್‌ಎಕ್ಸ್‌ಪ್ಯಾಕೇಜ್' ಆಜ್ಞೆಯನ್ನು 'ಆಲ್‌ಯೂಸರ್ಸ್' ಆಯ್ಕೆಯೊಂದಿಗೆ ಕೊಟ್ಟು, ಲಾಗ್ ಹೆಸರಿಸಿದ ಪ್ಯಾಕೇಜ್ ಯಾರ ಖಾತೆಯಲ್ಲಿದೆ ಎಂದು ನೋಡಿ. 'ರಿಮೂವ್-ಆಪ್‌ಎಕ್ಸ್‌ಪ್ಯಾಕೇಜ್'ನಿಂದ ಅದನ್ನು ತೆಗೆಯಿರಿ. ಬಳಿಕ ಭಾಷೆಗಳ ಐಎಸ್‌ಒದಲ್ಲಿರುವ ಕನ್ನಡ ಪ್ಯಾಕನ್ನು, ಅದರ ಲೈಸೆನ್ಸ್ ಫೈಲಿನ ಸಮೇತ, 'ಆ್ಯಡ್-ಆಪ್‌ಎಕ್ಸ್‌ಪ್ರೊವಿಷನ್ಡ್‌ಪ್ಯಾಕೇಜ್' ಬಳಸಿ ಎಲ್ಲರಿಗೂ ಒದಗಿಸಿ. ಆ ಐಎಸ್‌ಒ ನಿಮ್ಮ ವಿಂಡೋಸ್ ಆವೃತ್ತಿಯದ್ದೇ ಆಗಿರಬೇಕು. ಆವೃತ್ತಿ ಬೇರೆಯಾದರೆ ಪ್ಯಾಕ್ ಕೂತಂತೆ ಕಂಡರೂ ಅರ್ಧ ಪದಗಳು ಇಂಗ್ಲಿಷ್‌ನಲ್ಲೇ ಉಳಿಯಬಹುದು. ಇನ್ನು ಮುಂದಿನ ಸಲ ಈ ತೊಂದರೆಯೇ ಬೇಡವೆಂದರೆ, ಇಮೇಜ್ ಕಟ್ಟುವ ಯಂತ್ರದಲ್ಲಿ ಮೊದಲ ದಿನವೇ ಸ್ಟೋರ್‌ನ ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯವನ್ನು ಪಾಲಿಸಿಯಿಂದ ನಿಲ್ಲಿಸಿ. ಸಿಸ್‌ಪ್ರೆಪ್‌ಗೆ ಮುಂಚೆ ನೆಟ್‌ವರ್ಕ್ ಕೇಬಲನ್ನೇ ಕಳಚಿಡುವುದು ನನ್ನ ರೂಢಿ.

ಸಿಸ್‌ಪ್ರೆಪ್ ನಿಲ್ಲುವ ಎರಡನೆಯ ಕಾರಣ ಬಿಟ್‌ಲಾಕರ್, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ. ಲಾಗ್‌ನಲ್ಲಿ ದೋಷಸಂಖ್ಯೆ 80310039 ಎಂದು ಕೊನೆಗೊಳ್ಳುತ್ತದೆ. "ನಾನು ಬಿಟ್‌ಲಾಕರ್ ಹಾಕಲೇ ಇಲ್ಲವಲ್ಲ" ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಅವರು ಹೇಳುವುದು ನಿಜ. ಹೊಸ ವಿಂಡೋಸ್ 11, ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಕಂಡರೆ ಡಿಸ್ಕನ್ನು ತಾನೇ ಎನ್‌ಕ್ರಿಪ್ಟ್ ಮಾಡಿಕೊಳ್ಳಬಲ್ಲದು. 'ಮ್ಯಾನೇಜ್-ಬಿಡಿಇ' ಆಜ್ಞೆಗೆ 'ಸ್ಟೇಟಸ್' ಸೇರಿಸಿ ಕೊಟ್ಟರೆ ಎಷ್ಟು ಶೇಕಡಾ ಎನ್‌ಕ್ರಿಪ್ಟ್ ಆಗಿದೆ ಎಂದು ತೋರಿಸುತ್ತದೆ. ಆಫ್ ಮಾಡಿದ ಕೂಡಲೇ ಸಿಸ್‌ಪ್ರೆಪ್ ಓಡಿಸಬೇಡಿ. ಅಂಕಿ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು, ಇಲ್ಲವಾದರೆ ಅದೇ ದೋಷ ಮತ್ತೆ ಬರುತ್ತದೆ.

ಮೂರನೆಯದು ಅಪ್‌ಡೇಟ್. 'ರಿಸರ್ವ್ಡ್ ಸ್ಟೋರೇಜ್ ಬಳಕೆಯಲ್ಲಿದೆ' ಎಂಬ ಅರ್ಥದ ಸಾಲು ಲಾಗ್‌ನಲ್ಲಿ ಕಂಡರೆ, ಯಾವುದೋ ಅಪ್‌ಡೇಟ್ ಅರ್ಧದಲ್ಲಿದೆ. ಅದನ್ನು ಮುಗಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ.

ಇವೆಲ್ಲಕ್ಕಿಂತ ನಾನು ಒತ್ತಿ ಹೇಳುವುದು ಚೆಕ್‌ಪಾಯಿಂಟ್ (ಮರಳಿ ಬರಲೆಂದು ಉಳಿಸಿಟ್ಟ ಯಂತ್ರದ ಆ ಕ್ಷಣದ ಸ್ಥಿತಿ) ವಿಚಾರ. ಸಿಸ್‌ಪ್ರೆಪ್ ಸೋತ ಯಂತ್ರ ಮೊದಲಿನ ಯಂತ್ರವಾಗಿ ಉಳಿದಿರುವುದಿಲ್ಲ. ಅದು ಅರ್ಧ ತೊಳೆದ ಪಾತ್ರೆ. ಅದರ ಮೇಲೆ ಮತ್ತೆ ಮತ್ತೆ ಸಿಸ್‌ಪ್ರೆಪ್ ಓಡಿಸಿದರೆ, ಮೂಲ ದೋಷ ಮರೆಯಾಗಿ ಹೊಸ ದೋಷಗಳು ಏಳುತ್ತವೆ. ಸಿಸ್‌ಪ್ರೆಪ್‌ಗೆ ಮುಂಚೆ ಯಂತ್ರವನ್ನು ಶಟ್‌ಡೌನ್ ಮಾಡಿ ಚೆಕ್‌ಪಾಯಿಂಟ್ ತೆಗೆದಿಡಿ. ಸೋತರೆ ಲಾಗ್ ಫೈಲನ್ನು ಹೊರಗೆ ನಕಲು ಮಾಡಿಕೊಂಡು, ಚೆಕ್‌ಪಾಯಿಂಟ್‌ಗೆ ಮರಳಿ, ಅಲ್ಲಿ ತಿದ್ದಿ ಮತ್ತೆ ಓಡಿಸಿ. ಗೆದ್ದರೂ ಚೆಕ್‌ಪಾಯಿಂಟ್ ಅಳಿಸಬೇಡಿ, ಮುಂದಿನ ತಿಂಗಳ ಇಮೇಜ್ ಅಲ್ಲಿಂದಲೇ ಶುರುವಾಗುತ್ತದೆ.

ಡಿಸ್ಕ್ ಒಪ್ಪದಿದ್ದರೆ

ಅಪ್‌ಲೋಡ್ ಮುಗಿದ ಮೇಲೆ ಡಿಸ್ಕ್ ಅಥವಾ ಇಮೇಜ್ ತಯಾರಿಸುವಾಗ ಅಜೂರ್ 'ಗಾತ್ರ ಸರಿಯಿಲ್ಲ' ಎಂದು ತಿರಸ್ಕರಿಸಿದರೆ, ದೋಷ ಪರಿವರ್ತನೆಯ ಹಂತದಲ್ಲಿದೆ. ಅಜೂರ್ ಕೇಳುವುದು ವಿಎಚ್‌ಡಿ ಎಂಬ ಬಗೆಯ ಡಿಸ್ಕ್ ಫೈಲ್, ಅದೂ ಸ್ಥಿರ ಗಾತ್ರದ್ದು. ಹೈಪರ್-ವಿ ತಾನಾಗಿ ಕೊಡುವುದು ವಿಎಚ್‌ಡಿಎಕ್ಸ್, ಅದೂ ಬೆಳೆಯುವ ಗಾತ್ರದ್ದು. ಜೊತೆಗೆ, ಒಳಗಿನ ಡಿಸ್ಕ್‌ನ ಗಾತ್ರ 1 ಎಂಬಿಯಿಂದ ಶೇಷವಿಲ್ಲದೆ ಭಾಗವಾಗಬೇಕು.

ಇದನ್ನು ಅಪ್‌ಲೋಡ್‌ಗೆ ಮುಂಚೆ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಸ್ಥಿರ ವಿಎಚ್‌ಡಿ ಫೈಲಿನ ಕೊನೆಯಲ್ಲಿ 512 ಬೈಟ್‌ಗಳ ಒಂದು ಅಡಿಬರಹ ಇರುತ್ತದೆ. ಫೈಲಿನ ಗುಣಲಕ್ಷಣಗಳಲ್ಲಿ ಕಾಣುವ ಬೈಟ್ ಸಂಖ್ಯೆಯಿಂದ 512 ಕಳೆದು, ಉಳಿದದ್ದನ್ನು 10,48,576ರಿಂದ ಭಾಗಿಸಿ. ಹೈಪರ್-ವಿಯ ರೂಢಿಯ 127 ಜಿಬಿ ಡಿಸ್ಕ್ ಆದರೆ ಫೈಲ್ 1,36,36,52,12,160 ಬೈಟ್ ಇರಬೇಕು. 512 ಕಳೆದು ಭಾಗಿಸಿದರೆ ಸರಿಯಾಗಿ 1,30,048 ಬರುತ್ತದೆ. ಉತ್ತರದಲ್ಲಿ ದಶಮಾಂಶ ಚುಕ್ಕೆ ಕಂಡರೆ ಅಪ್‌ಲೋಡ್ ಮಾಡಬೇಡಿ. ಹೈಪರ್-ವಿಯ ಪವರ್‌ಶೆಲ್‌ನಲ್ಲಿ 'ರೀಸೈಜ್-ವಿಎಚ್‌ಡಿ'ಯಿಂದ ಗಾತ್ರ ಸರಿಪಡಿಸಿ, 'ಕನ್ವರ್ಟ್-ವಿಎಚ್‌ಡಿ'ಯಿಂದ ಸ್ಥಿರ ರೂಪಕ್ಕೆ ತನ್ನಿ. ಕ್ಯೂಎಂಯು ಸಲಕರಣೆಯಿಂದ ಪರಿವರ್ತಿಸುವವರು 'ಫೋರ್ಸ್ ಸೈಜ್' ಆಯ್ಕೆಯನ್ನು ಮರೆಯಬಾರದು. ಅದಿಲ್ಲದಿದ್ದರೆ ಆ ಸಲಕರಣೆ ಹಳೆಯ ಡಿಸ್ಕ್‌ಗಳ ಸಿಲಿಂಡರ್ ಲೆಕ್ಕಕ್ಕೆ ಗಾತ್ರವನ್ನು ಒಗ್ಗಿಸಿ, ವ್ಯತ್ಯಾಸ ತಂದುಬಿಡುತ್ತದೆ.

ಇಷ್ಟು ಲೆಕ್ಕ ಯಾಕೆಂದರೆ, 127 ಜಿಬಿಯನ್ನು 50 ಎಂಬಿಪಿಎಸ್ ಸಂಪರ್ಕದಲ್ಲಿ ಪೂರ್ತಿ ಕಳುಹಿಸಲು ಸುಮಾರು 6 ಗಂಟೆ ಬೇಕು. ನಮ್ಮಲ್ಲಿ ಒಮ್ಮೆ ರಾತ್ರಿಯಿಡೀ ಅಪ್‌ಲೋಡ್ ಆಗಿ, ಬೆಳಿಗ್ಗೆ ಆ ತಿರಸ್ಕಾರದ ಸಾಲು ಕಂಡಾಗ ಇಡೀ ತಂಡದ ಮುಖ ಬಾಡಿತ್ತು. ಆಮೇಲಿನಿಂದ ಡಿಸ್ಕನ್ನು 64 ಜಿಬಿಗೆ ಇಳಿಸಿಕೊಂಡೇ ಕಟ್ಟುತ್ತೇವೆ. ಅಜೂರ್‌ನಲ್ಲಿ ಡಿಸ್ಕ್ ದೊಡ್ಡದು ಮಾಡುವುದು ಸುಲಭ, ಚಿಕ್ಕದು ಮಾಡಲು ಬರುವುದಿಲ್ಲ. ಆದರೆ ದೊಡ್ಡದು ಮಾಡಿದ ಮೇಲೂ ಸಿ ಡ್ರೈವ್ ಹಿಗ್ಗದಿದ್ದರೆ, ಅದರ ಬಲಕ್ಕೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿದೆ ಎಂದೇ ತಿಳಿಯಿರಿ. ಇಮೇಜ್ ಕಟ್ಟುವಾಗಲೇ ಅದನ್ನು ತೆಗೆದುಬಿಡುವುದು ಒಳ್ಳೆಯದು.

ವರ್ಚುವಲ್ ಯಂತ್ರದ ಪೀಳಿಗೆಯ (ಜನರೇಷನ್) ತಪ್ಪು ಕೂಡ ಇಲ್ಲೇ ಆಗುತ್ತದೆ. ಎಂಬಿಆರ್ ಡಿಸ್ಕ್ ಮತ್ತು ಬಯಾಸ್ ಇದ್ದರೆ ಮೊದಲ ಪೀಳಿಗೆ, ಜಿಪಿಟಿ ಮತ್ತು ಯುಇಎಫ್‌ಐ ಇದ್ದರೆ ಎರಡನೆಯ ಪೀಳಿಗೆ. ವಿಂಡೋಸ್ 11ಕ್ಕೆ ಎರಡನೆಯದೇ ಬೇಕು. ಇಮೇಜ್ ನೋಂದಾಯಿಸುವಾಗ ತಪ್ಪು ಪೀಳಿಗೆ ಆರಿಸಿದರೆ ಅಜೂರ್ ಆಗ ಏನೂ ಹೇಳುವುದಿಲ್ಲ. ಯಂತ್ರ ಮಾತ್ರ ಏಳುವುದಿಲ್ಲ.

ಬೂಟ್ ಆಗದಿದ್ದರೆ ಚಿತ್ರ ನೋಡಿ

ಯಂತ್ರ ಎಬ್ಬಿಸುವಾಗ ಬೂಟ್ ಡಯಾಗ್ನಾಸ್ಟಿಕ್ಸ್ ಆನ್ ಇರಲಿ. ಅದು ಯಂತ್ರದ ಪರದೆಯ ಚಿತ್ರವನ್ನು ತೋರಿಸುತ್ತದೆ. 'ಒಎಸ್ ಪ್ರೊವಿಷನಿಂಗ್ ಟೈಮ್ಡ್ ಔಟ್' ಎಂಬ ದೋಷ ಬಂದಾಗ ನಾನು ಮೊದಲು ತೆರೆಯುವುದು ಆ ಚಿತ್ರವನ್ನೇ. ಒಂದೇ ಚಿತ್ರದಿಂದ ಅರ್ಧ ದಿನದ ಊಹೆ ಉಳಿಯುತ್ತದೆ.

ಚಿತ್ರದಲ್ಲಿ 'ನಿಮ್ಮ ದೇಶ ಯಾವುದು' ಎಂದು ಕೇಳುವ, ಹೊಸ ಕಂಪ್ಯೂಟರ್ ಕೊಂಡಾಗ ಬರುವ ಪರದೆ ಕಂಡರೆ: ಸಿಸ್‌ಪ್ರೆಪ್ ಆದ ಡಿಸ್ಕನ್ನು ನೀವು 'ಸ್ಪೆಷಲೈಸ್ಡ್' (ಗುರುತು ತೊಳೆಯದ್ದು) ಎಂದು ನೋಂದಾಯಿಸಿದ್ದೀರಿ. ಹೆಸರು, ಪಾಸ್‌ವರ್ಡ್ ತುಂಬಿಕೊಡುವವರು ಯಾರೂ ಇಲ್ಲದೆ ಯಂತ್ರ ಅಲ್ಲೇ ಕಾಯುತ್ತಿದೆ. ಚಿತ್ರದಲ್ಲಿ ನಿಮ್ಮ ಹಳೆಯ ಖಾತೆಯ ಹೆಸರಿನ ಲಾಗಿನ್ ಪರದೆ ಕಂಡರೆ ತಪ್ಪು ಇದಕ್ಕೆ ತಿರುಗುಮುರುಗು: ಸಿಸ್‌ಪ್ರೆಪ್ ಆಗದ ಡಿಸ್ಕ್ 'ಜನರಲೈಸ್ಡ್' ಎಂದು ಹೋಗಿದೆ. ಯಂತ್ರ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಹಿಡಿದು ಎದ್ದಿದೆ, ಅಜೂರ್ ಕೊಟ್ಟ ಹೊಸ ಹೆಸರನ್ನು ಕೇಳಿಸಿಕೊಂಡೇ ಇಲ್ಲ. ಮೊದಲನೆಯದರಲ್ಲಿ ಅಪ್‌ಲೋಡ್ ಆದ ಡಿಸ್ಕನ್ನು ದೂಷಿಸಬೇಕಿಲ್ಲ. ಇಮೇಜ್ ವಿವರಣೆಯನ್ನು ಸರಿಯಾಗಿ ಮತ್ತೆ ಮಾಡಿದರೆ ಸಾಕು. ಎರಡನೆಯದಕ್ಕೆ ಸಿಸ್‌ಪ್ರೆಪ್ ಆದ ಡಿಸ್ಕನ್ನೇ ಕಳುಹಿಸಬೇಕು.

ನೀಲಿ ಪರದೆ, ಅದರಲ್ಲಿ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ಮಾತು ಕಂಡರೆ, ಇಮೇಜ್ ವಿಎಂವೇರ್‌ನಂಥ ಬೇರೆ ವೇದಿಕೆಯಿಂದ ಬಂದಿರಬೇಕು. ಹೈಪರ್-ವಿಯ ಡಿಸ್ಕ್ ಡ್ರೈವರ್‌ಗಳು ಬೂಟ್ ಸಮಯಕ್ಕೆ ಏಳುವಂತೆ ಸಜ್ಜಾಗಿಲ್ಲ. ವಿಎಂವೇರ್ ಟೂಲ್ಸನ್ನು ಅಲ್ಲಿಯೇ, ಆ ವೇದಿಕೆಯ ಮೇಲೆ ಇರುವಾಗಲೇ ತೆಗೆದು, ಒಮ್ಮೆ ಹೈಪರ್-ವಿಯಲ್ಲಿ ಬೂಟ್ ಮಾಡಿ ನೋಡಿ. ಅಲ್ಲಿ ಏಳದದ್ದು ಅಜೂರ್‌ನಲ್ಲಿ ಏಳುವುದಿಲ್ಲ.

ಚಿತ್ರ ಎಲ್ಲವೂ ಸರಿಯಿದ್ದಂತೆ ತೋರಿಸಿ, ಯಂತ್ರ ಮಾತ್ರ ಕೈಗೆ ಸಿಗದಿದ್ದರೆ ದೋಷ ನೆಟ್‌ವರ್ಕ್‌ನಲ್ಲಿದೆ. ಇಮೇಜ್ ಒಳಗೆ ಕಚೇರಿಯ ಸ್ಥಿರ ಐಪಿ ವಿಳಾಸ ಉಳಿದಿದೆಯೇ? ಕಚೇರಿಯ ಪ್ರಾಕ್ಸಿ ವಿನ್‌ಎಚ್‌ಟಿಟಿಪಿಯಲ್ಲಿ ಕೂತಿದೆಯೇ? ಯಾರೋ ಹಾಕಿದ ಶಾಶ್ವತ ರೂಟ್ ಇದೆಯೇ? ಅಜೂರ್ ಯಂತ್ರದೊಂದಿಗೆ ಮಾತಾಡುವುದು 168.63.129.16 ಎಂಬ ವಿಳಾಸದ ಮೂಲಕ. ಪ್ರಾಕ್ಸಿ ಅಥವಾ ರೂಟ್ ಆ ದಾರಿಯನ್ನು ತಿರುಗಿಸಿದರೆ, ಯಂತ್ರ ಆರೋಗ್ಯವಾಗಿದ್ದರೂ ಅಜೂರ್ ಪಾಲಿಗೆ ಸತ್ತಂತೆಯೇ. ನಮ್ಮ ಒಂದು ಇಮೇಜ್‌ನಲ್ಲಿ ಕಚೇರಿಯ ಪ್ರಾಕ್ಸಿ ಉಳಿದುಹೋಗಿತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಖಾಲಿ ಇದ್ದ ಕಾರಣ ಯಾರೂ ಅನುಮಾನಿಸಲಿಲ್ಲ. ವಿನ್‌ಎಚ್‌ಟಿಟಿಪಿಯ ಪ್ರಾಕ್ಸಿ ಬೇರೆಯೇ ಜಾಗದಲ್ಲಿರುತ್ತದೆ, 'ನೆಟ್‌ಶ್' ಆಜ್ಞೆಯಿಂದಲೇ ಅದನ್ನು ನೋಡಬೇಕು, ಅದರಿಂದಲೇ ಅಳಿಸಬೇಕು.

ಎದ್ದಿತು, ಹೋಸ್ಟ್ ಪೂಲ್‌ಗೆ ಸೇರಲಿಲ್ಲ

ಇದಕ್ಕೆ ಕಾರಣ ಬಹುತೇಕ ಒಂದೇ. ಈಗಾಗಲೇ ಪೂಲ್‌ಗೆ ಸೇರಿದ್ದ ಯಂತ್ರದಿಂದಲೇ ಇಮೇಜ್ ತೆಗೆದಿರುತ್ತಾರೆ. ಅದರೊಳಗಿನ ಏಜೆಂಟ್ (ಯಂತ್ರವನ್ನು ಪೂಲ್‌ಗೆ ಜೋಡಿಸುವ ತಂತ್ರಾಂಶ) ತಾನು ಆಗಲೇ ನೋಂದಾಯಿತ ಎಂದು ನಂಬಿಕೊಂಡಿರುತ್ತದೆ, ರಿಜಿಸ್ಟ್ರಿಯ ಆರ್‌ಡಿಇನ್‌ಫ್ರಾಏಜೆಂಟ್ ಕೀಲಿಯಲ್ಲಿ ಹಳೆಯ ಗುರುತು ಇರುತ್ತದೆ. ಸೇರಿದ ಯಂತ್ರದಿಂದ ಎಂದೂ ಇಮೇಜ್ ತೆಗೆಯಬೇಡಿ. ಏಜೆಂಟನ್ನು ಇಮೇಜ್‌ನಲ್ಲಿ ಇಡದೆ, ಯಂತ್ರ ಎದ್ದ ಮೇಲೆ ಹಾಕಿಸಿ. ಇಮೇಜ್ ಶುದ್ಧವಾಗಿದ್ದೂ ಸೇರದಿದ್ದರೆ ನೋಂದಣಿ ಟೋಕನ್‌ನ ಅವಧಿ ನೋಡಿ. ಅದು ಹೆಚ್ಚೆಂದರೆ 27 ದಿನ ಬಾಳುತ್ತದೆ. ಕಳೆದ ತಿಂಗಳ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟ ಟೋಕನ್ ಈ ತಿಂಗಳು ಕೆಲಸ ಮಾಡುವುದಿಲ್ಲ.

ಎಲ್ಲವೂ ಆಯಿತು, ಕನ್ನಡ ಕಾಣುತ್ತಿಲ್ಲ

ಡೆಸ್ಕ್‌ಟಾಪ್‌ಗಳು ಎದ್ದವು, ಸಿಬ್ಬಂದಿ ಲಾಗಿನ್ ಆದರು. ಹತ್ತು ನಿಮಿಷಕ್ಕೆ ಪುಟವಿನ್ಯಾಸ ಮಾಡುವವರೊಬ್ಬರು ಕರೆದರು. "ಸರ್, ಹತ್ತು ವರ್ಷದ ಫೈಲ್‌ಗಳೆಲ್ಲ ಹಾಳಾಗಿವೆ, ಒಮ್ಮೆ ಬಂದು ನೋಡಿ." ಅವರ ದನಿ ನಡುಗುತ್ತಿತ್ತು. ಪರದೆಯಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಾಲು. 'ಕನ್ನಡ' ಎಂದಿರಬೇಕಾದ ಕಡೆ, ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳ ನಡುವೆ ಒಂದು ಪೌಂಡ್ ಚಿಹ್ನೆ. ಆ ಪೌಂಡ್ ಚಿಹ್ನೆ ಕಂಡ ಕೂಡಲೇ ನನಗೆ ಸಮಾಧಾನವಾಯಿತು. ಯೂನಿಕೋಡ್‌ಗೆ ಮುಂಚಿನ ನುಡಿ ಸಂಕೇತದಲ್ಲಿ 'ನ' ಅಕ್ಷರ ಕೂತಿರುವುದು ಅದೇ ಜಾಗದಲ್ಲಿ. ಫೈಲ್ ಹಾಳಾಗಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೇ.

ಆದರೆ ಇಮೇಜ್ ಕಟ್ಟುವಾಗ ನಾನೇ ಕೈಯಾರೆ ನುಡಿ ಫಾಂಟ್‌ಗಳನ್ನು ಹಾಕಿದ್ದೆ. ಹಾಗಾದರೆ ಎಲ್ಲಿ ಹೋದವು? ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್' ಎಂದರೆ, ವಿಂಡೋಸ್ 10ರ 1809ನೇ ಆವೃತ್ತಿಯಿಂದ ಈಚೆಗೆ ಅದು ಆ ಬಳಕೆದಾರನ ಫೋಲ್ಡರ್‌ಗೆ ಮಾತ್ರ ಹೋಗುತ್ತದೆ. ಇಮೇಜ್ ಕಟ್ಟಿದ ಖಾತೆಗೆ ಫಾಂಟ್ ಇತ್ತು, ಹೊಸದಾಗಿ ಹುಟ್ಟಿದ ಖಾತೆಗಳಿಗೆ ಇರಲಿಲ್ಲ. ಅದರ ಕೆಳಗೇ ಇರುವ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಬೇಕಿತ್ತು. ತುಂಗಾ ಫಾಂಟ್ ಬಳಸಿದ ಹಳೆಯ ದಾಖಲೆಗಳಿದ್ದರೆ ಇನ್ನೊಂದು ಮಾತು: ಅದು ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಎಂಬ ಐಚ್ಛಿಕ ಸೌಲಭ್ಯವಾಗಿ ಬೇರೆಯೇ ಸೇರಿಸಬೇಕು.

ಕೀಬೋರ್ಡ್ ಮತ್ತು ಭಾಷೆಯದ್ದೂ ಇದೇ ಕಥೆ. ಇಮೇಜ್ ಕಟ್ಟಿದವರಿಗೆ ಕನ್ನಡ, ಹೊಸಬರಿಗೆ ಇಂಗ್ಲಿಷ್. ಕಂಟ್ರೋಲ್ ಪ್ಯಾನೆಲ್‌ನ ರೀಜನ್ ಕಿಟಕಿಯಲ್ಲಿ 'ಅಡ್ಮಿನಿಸ್ಟ್ರೇಟಿವ್' ಹಾಳೆಗೆ ಹೋಗಿ, ಸೆಟ್ಟಿಂಗ್‌ಗಳನ್ನು ಸ್ವಾಗತ ಪರದೆಗೂ ಹೊಸ ಖಾತೆಗಳಿಗೂ ನಕಲು ಮಾಡುವ ಎರಡು ಗುರುತುಗಳನ್ನು ಹಾಕಿ, ಆಮೇಲೆ ಸಿಸ್‌ಪ್ರೆಪ್ ಮಾಡಿ.

ಇನ್ನೊಂದು ದೋಷ ಮೊದಲ ದಿನ ತೋರುವುದೇ ಇಲ್ಲ. ಎಲ್ಲವೂ ಸರಿಯಿದ್ದ ಯಂತ್ರದಲ್ಲಿ ಕೆಲವು ದಿನಗಳಾದ ಮೇಲೆ ಕನ್ನಡ ಪ್ಯಾಕ್ ತಾನೇ ಮಾಯವಾಗುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಎಲ್‌ಪಿರಿಮೂವ್' ಎಂಬ ಕೆಲಸವಿದೆ. ಬಳಕೆಯಲ್ಲಿಲ್ಲದ ಭಾಷಾ ಪ್ಯಾಕ್‌ಗಳನ್ನು ಗುಡಿಸುವುದು ಅದರ ಕರ್ತವ್ಯ. ಯಾರೂ ಇನ್ನೂ ಆರಿಸಿಕೊಳ್ಳದ ಕನ್ನಡ ಅದರ ಕಣ್ಣಿಗೆ ಕಸ. ಅದನ್ನೂ, 'ಲ್ಯಾಂಗ್ವೇಜ್ ಕಾಂಪೊನೆಂಟ್ಸ್ ಇನ್‌ಸ್ಟಾಲರ್' ಅಡಿಯ 'ಅನ್‌ಇನ್‌ಸ್ಟಾಲೇಷನ್' ಕೆಲಸವನ್ನೂ, 'ಪ್ರಿ-ಸ್ಟೇಜ್ಡ್ ಆ್ಯಪ್ ಕ್ಲೀನಪ್' ಎಂಬುದನ್ನೂ ಭಾಷೆ ಸೇರಿಸುವ ಮುಂಚೆಯೇ ಇಮೇಜ್‌ನಲ್ಲಿ ನಿಷ್ಕ್ರಿಯಗೊಳಿಸಿ. ಭಾಷೆ ಸೇರಿಸಿದ ಮೇಲೆ ಮಾಡುತ್ತೇನೆಂದು ಬಿಟ್ಟರೆ, ನಡುವೆ ಬರುವ ಒಂದು ರೀಸ್ಟಾರ್ಟ್ ಸಾಕು.

ಆ ಕಚೇರಿಯ ಇಮೇಜನ್ನು ಚೆಕ್‌ಪಾಯಿಂಟ್‌ನಿಂದ ಮತ್ತೆ ಕಟ್ಟಿದೆವು. ಫಾಂಟ್ ಎಲ್ಲರಿಗೂ ಸೇರುವಂತೆ ಹಾಕಿ, ಹೊಸ ಆವೃತ್ತಿಯಾಗಿ ಅಜೂರ್‌ನ ಇಮೇಜ್ ಗ್ಯಾಲರಿಗೆ ಸೇರಿಸಿ, ಹಳೆಯ ಆವೃತ್ತಿಯನ್ನು ಹಾಗೆಯೇ ಉಳಿಸಿಕೊಂಡೆವು. ಈ ಸಲ ಯಂತ್ರ ಎದ್ದ ಮೇಲೆ ನಾನು ಅಡ್ಮಿನ್ ಖಾತೆಯಿಂದ ಪರೀಕ್ಷಿಸಲಿಲ್ಲ. ಅದೇ ಸಿಬ್ಬಂದಿಯನ್ನು ಕರೆದು, ಅವರ ಖಾತೆಯಲ್ಲಿ ಅವರದೇ ಹಳೆಯದೊಂದು ಫೈಲ್ ತೆರೆಯಲು ಹೇಳಿದೆ. ಅವರು ಒಂದು ಲಗ್ನಪತ್ರಿಕೆ ತೆರೆದು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು.